ಓಟ ಹೆಚ್ಚಾಯಿತು, ಬಲ ಇಳಿಯಿತು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಸಲಹೆಗೆ ಬಂದವರು 40 ವರ್ಷದ ಮಹಿಳೆ. ದಿನವಿಡೀ ಕುಳಿತು ಮಾಡುವ ಕೆಲಸ. ಕೆಲವು ವರ್ಷಗಳಿಂದ ಭಾರ ಎತ್ತುವ ಅಭ್ಯಾಸವಿದೆ. ಕೊಬ್ಬು ಕರಗಿಸಲು ಹೊರಟು ಆರು ವಾರಗಳಲ್ಲಿ 83 ಕೆ.ಜಿ.ಯಿಂದ 76ಕ್ಕೆ ಇಳಿದಿದ್ದರು. ಆದರೂ ಮುಖದಲ್ಲಿ ಗೆಲುವಿರಲಿಲ್ಲ. "ಮೇಡಂ, ತೂಕ ಇಳಿದಿದೆ, ಆದರೆ ಸೊರಗಿ ಹೋಗಿದ್ದೇನೆ. ನನ್ನ ಕಾರ್ಡಿಯೊ ವೇಗ ತಪ್ಪಾಗಿದೆಯೇ?" ಎಂದರು. ಕಾರ್ಡಿಯೊ ಎಂದರೆ ಓಟ, ಸೈಕ್ಲಿಂಗ್‌ನಂಥ ಹೃದಯ ಬಡಿತ ಏರಿಸುವ ವ್ಯಾಯಾಮ.

ಅವರಿಗಿಂತ ಅವರ ವ್ಯಾಯಾಮದ ಪುಸ್ತಕವೇ ಹೆಚ್ಚು ಹೇಳಿತು. ಡೆಡ್‌ಲಿಫ್ಟ್‌ನ (ನೆಲದ ಮೇಲಿನ ಭಾರವನ್ನು ನಿಂತು ಎತ್ತುವ ವ್ಯಾಯಾಮ) ಸಾಲಿನಲ್ಲಿ 70 ಕೆ.ಜಿ. ಇದ್ದದ್ದು 65 ಆಗಿ, 60 ಆಗಿ, ಕೊನೆಗೆ 55ಕ್ಕೆ ಬಂದು ನಿಂತಿತ್ತು. 60 ಎಂದಿದ್ದ ಕಡೆ ಒಮ್ಮೆ 65 ಎಂದು ಬರೆದು, ಅಳಿಸಿ, ತಿದ್ದಿದ ಪೆನ್ಸಿಲ್ ಗುರುತು ಉಳಿದಿತ್ತು. ಪಕ್ಕದ ಸಾಲಿನಲ್ಲಿ ಓಟದ ಲೆಕ್ಕ: ವಾರಕ್ಕೆ ಆರು ದಿನ, 50 ನಿಮಿಷ, ಹೃದಯ ಬಡಿತ 160ರ ಮೇಲೆ. ಭಾರ ಎತ್ತುವ ದಿನಗಳು ನಾಲ್ಕರಿಂದ ಎರಡಕ್ಕೆ ಇಳಿದಿದ್ದವು, ಅದೂ ಓಡಿ ದಣಿದ ಮೇಲೆ. ಊಟ ಸುಮಾರು 1,200 ಕ್ಯಾಲೊರಿ, ನಿದ್ದೆ ಐದೂವರೆ ಗಂಟೆ. ಕಾರ್ಡಿಯೊ ಒಂದನ್ನೇ ಕಟಕಟೆಯಲ್ಲಿ ನಿಲ್ಲಿಸುವಂತಿರಲಿಲ್ಲ.

ಮೊದಲು ಅವರ ಭಯವನ್ನು ಸ್ವಲ್ಪ ತಗ್ಗಿಸಬೇಕಾಯಿತು. ಇಳಿದ ಏಳು ಕೆ.ಜಿ.ಯಲ್ಲಿ ನೀರಿನ ಪಾಲೂ ಇದೆ. ಸ್ನಾಯುಗಳಲ್ಲಿರುವ ಗ್ಲೈಕೋಜನ್, ಅಂದರೆ ದೇಹ ಇಂಧನವಾಗಿ ಕೂಡಿಟ್ಟ ಸಕ್ಕರೆ, ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಖಾಲಿಯಾದರೆ ಆ ನೀರೂ ಹೋಗುತ್ತದೆ. ಗ್ಲೈಕೋಜನ್ ಇಲ್ಲದ, ದಣಿವು ಆರದ ಕಾಲುಗಳು ಭಾರ ಎತ್ತಲಾರವು. ಹಾಗಾಗಿ ಬಲ ಇಳಿದಷ್ಟೂ ಸ್ನಾಯು ಕರಗಿದೆ ಎಂದು ಓದಬಾರದು. ಆದರೆ ಇದೇ ಹಾದಿಯಲ್ಲಿ ಮುಂದುವರಿದರೆ ಕರಗುವುದು ಖಂಡಿತ.

"ಹಾಗಾದರೆ ಟ್ರೆಡ್‌ಮಿಲ್ ಪರದೆಯಲ್ಲಿ ತೋರಿಸುವ ಕೊಬ್ಬು ಕರಗುವ ವಲಯದಲ್ಲೇ ಇರಲೇ?" ಇದು ಅವರ ಮುಂದಿನ ಪ್ರಶ್ನೆ. ಆ ಪರದೆಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಸಾಧಾರಣ ವೇಗದಲ್ಲಿ ದೇಹ ಬಳಸುವ ಇಂಧನದಲ್ಲಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ ಎಂಬುದು ನಿಜ. ಆದರೆ ಆ ಒಂದು ಗಂಟೆಯಲ್ಲಿ ಏನು ಉರಿಯಿತು ಎಂಬುದರಿಂದ ಸೊಂಟದ ಸುತ್ತಳತೆ ತೀರ್ಮಾನವಾಗುವುದಿಲ್ಲ. ದಿನದ, ವಾರದ ಒಟ್ಟು ಕ್ಯಾಲೊರಿ ಕೊರತೆಯೇ (ಖರ್ಚಿಗಿಂತ ಎಷ್ಟು ಕಡಿಮೆ ತಿಂದಿರಿ ಎಂಬುದು) ಅದನ್ನು ತೀರ್ಮಾನಿಸುತ್ತದೆ. ಒಟ್ಟು ಶ್ರಮ ಸಮನಾಗಿದ್ದರೆ ನಡುನಡುವೆ ಬಿಡುವು ಕೊಟ್ಟು ಓಡುವ ವೇಗದ ಮಧ್ಯಂತರ ಓಟದಿಂದಲೂ ನಿಧಾನದ ದೀರ್ಘ ವ್ಯಾಯಾಮದಿಂದಲೂ ಕರಗುವ ಕೊಬ್ಬು ಹೆಚ್ಚುಕಡಿಮೆ ಅಷ್ಟೇ.

ಆದರೂ ನಾನು ಅವರಿಗೆ ವೇಗ ತಗ್ಗಿಸಲು ಹೇಳಿದೆ, ಕಾರಣ ಮಾತ್ರ ಬೇರೆ. ಕ್ಯಾಲೊರಿ ಕೊರತೆಯಲ್ಲಿರುವ ದೇಹಕ್ಕೆ ಚೇತರಿಸಿಕೊಳ್ಳುವ ಶಕ್ತಿ ಕಡಿಮೆ. ಸ್ನಾಯುವನ್ನು ಉಳಿಸಿಕೊಳ್ಳಬೇಕೆಂದು ದೇಹಕ್ಕೆ ತಿಳಿಸುವುದು ಭಾರ ಎತ್ತುವ ಕೆಲಸ. ಇರುವ ಅಲ್ಪ ಚೈತನ್ಯ ಮೊದಲು ಅದಕ್ಕೆ ಸಲ್ಲಬೇಕು. ವ್ಯಾಯಾಮ ಸಂಶೋಧಕ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ 10 ವಾರಗಳ ಅಧ್ಯಯನದಲ್ಲಿ, ಬಲದ ಅಭ್ಯಾಸದ ಜೊತೆಗೆ ವಾರಕ್ಕೆ ಆರು ದಿನ ಕಠಿಣವಾಗಿ ಓಟ, ಸೈಕ್ಲಿಂಗ್ ಮಾಡಿದವರ ಬಲ ಏಳನೇ ವಾರದವರೆಗೆ ಏರಿ, ನಿಂತು, ಕೊನೆಯ ವಾರಗಳಲ್ಲಿ ಇಳಿಯಿತು. ಮಿತವಾದ ಕಾರ್ಡಿಯೊದಿಂದ ಅಂಥ ಅಡ್ಡಿ ತೀರಾ ಕಡಿಮೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಇವರು ಮಿತ ದಾಟಿದ್ದರು, ಅಷ್ಟೇ.

ಮಿತ ವೇಗದ ಲೆಕ್ಕ ಹೀಗೆ ಹಾಕಿದೆವು. 208ರಿಂದ ವಯಸ್ಸಿನ 0.7 ಪಟ್ಟನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ, ಇವರಿಗೆ 180. (220ರಿಂದ ವಯಸ್ಸು ಕಳೆಯುವ ಹಳೆಯ ಸೂತ್ರವೂ 40ಕ್ಕೆ ಇದನ್ನೇ ಕೊಡುತ್ತದೆ, 60ಕ್ಕೆ ಬಂದರೆ ಎರಡರ ನಡುವೆ ಆರು ಬಡಿತಗಳ ವ್ಯತ್ಯಾಸ.) ವಿಶ್ರಾಂತಿಯ ಬಡಿತ 68, ಅಂದರೆ ನಡುವಿನ ಅಂತರ 112. ಅದರ ಶೇ. 40ರಿಂದ 60ನ್ನು 68ಕ್ಕೆ ಕೂಡಿಸಿದರೆ ನಿಮಿಷಕ್ಕೆ 113ರಿಂದ 135. ಸೂತ್ರ ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದರಿಂದ ಬಾಯಿಮಾತಿನ ಪರೀಕ್ಷೆಯನ್ನೂ ಜೊತೆಗಿಟ್ಟೆ: ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು. ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ಈ ಅಂಕಿಗಳನ್ನು ಬಿಟ್ಟು ವೈದ್ಯರ ಮಾತನ್ನೂ ಉಸಿರಿನ ಗತಿಯನ್ನೂ ನಂಬುವುದು ಕ್ಷೇಮ.

ನಾನು ಕೊಟ್ಟ ಸಲಹೆ: ಭಾರ ಎತ್ತುವುದು ಮತ್ತೆ ವಾರಕ್ಕೆ ನಾಲ್ಕು ದಿನ, ಒಂದೇ ದಿನ ಎರಡೂ ಬಂದರೆ ಭಾರ ಮೊದಲು, ಕಾರ್ಡಿಯೊ ಆಮೇಲೆ, ಸಾಧ್ಯವಾದರೆ ಬೆಳಿಗ್ಗೆ ಒಂದು, ಸಂಜೆ ಒಂದು. ಮಿತ ವೇಗದ ಕಾರ್ಡಿಯೊ ವಾರಕ್ಕೆ ಮೂರು ಸಲ, 40 ನಿಮಿಷ. ಓಟದ ಬದಲು ಸೈಕಲ್ ಅಥವಾ ಏರುನಡಿಗೆ, ಏಕೆಂದರೆ ಪ್ರತಿ ಹೆಜ್ಜೆ ನೆಲಕ್ಕೆ ಬಡಿಯುವ ಪೆಟ್ಟು ಕಾಲಿನ ಸ್ನಾಯುಗಳಿಗೆ ಹೆಚ್ಚಿನ ಹೊರೆ. ಜೋರಾದ ವ್ಯಾಯಾಮ ಬೇಕೇಬೇಕು ಎಂದಾದರೆ ವಾರಕ್ಕೊಮ್ಮೆ, ಸೈಕಲ್ ಮೇಲೆ, 30 ಸೆಕೆಂಡಿನ ಆರು ಸುತ್ತು, ಕಾಲಿನ ವ್ಯಾಯಾಮದ ಹಿಂದಿನ ದಿನ ಮಾತ್ರ ಬೇಡ. ತೂಕ ವಾರಕ್ಕೆ ಶೇ. 0.5ರಿಂದ 1ರಷ್ಟು ಇಳಿದರೆ ಸಾಕು, ಅಷ್ಟಕ್ಕೆ ಬೇಕಾಗುವಂತೆ ಊಟ ಹೆಚ್ಚಿಸುವುದು. ಪ್ರೋಟೀನ್ ಕೆ.ಜಿ.ಗೆ 1.6 ಗ್ರಾಂ, ಅಂದರೆ ಇವರಿಗೆ ದಿನಕ್ಕೆ ಸುಮಾರು 120 ಗ್ರಾಂ. ನಿದ್ದೆಯ ಬಗ್ಗೆ ಅವರು ನಕ್ಕು ಸುಮ್ಮನಾದರು. ನಾನು ಬಿಡಲಿಲ್ಲ, ಏಳು ಗಂಟೆ ಎಂದೆ.

ಮೊದಲ ವಾರವೇ ಫೋನ್ ಬಂತು: "ಬೆವರೇ ಬರುತ್ತಿಲ್ಲ ಮೇಡಂ, ಇದು ಸೋಮಾರಿತನ ಅನ್ನಿಸುತ್ತದೆ." ಇಂಥವರಿಗೆ ದಣಿವೇ ಪುರಾವೆ, ನಮ್ಮ ಅರ್ಧ ಕೆಲಸ ಅದನ್ನು ಬಿಡಿಸುವುದೇ. ವೇಗ ಸರಿಯೋ ತಪ್ಪೋ ಎಂದು ಬೆವರನ್ನು ಕೇಳಬೇಡಿ, ಡೆಡ್‌ಲಿಫ್ಟ್‌ನ ಸಾಲನ್ನು ಕೇಳಿ ಎಂದೆ. ಎರಡು ವಾರ ಸತತವಾಗಿ ಆ ಅಂಕಿ ಬಿದ್ದರೆ ಮೊದಲು ಕಾರ್ಡಿಯೊದ ತೀವ್ರತೆ ಕಡಿಮೆ ಮಾಡುವುದು, ಆಮೇಲೆ ಅವಧಿ. ಭಾರ ಎತ್ತುವುದನ್ನು ಮುಟ್ಟುವಂತಿಲ್ಲ.

ಹತ್ತು ವಾರಗಳ ನಂತರ ತೂಕ 72.5 ಕೆ.ಜಿ., ಸೊಂಟ ನಾಲ್ಕು ಸೆಂ.ಮೀ. ಕಡಿಮೆ, ಡೆಡ್‌ಲಿಫ್ಟ್ ಮತ್ತೆ 70. ಈಗ 10 ಕಿ.ಮೀ. ಓಟದ ಸ್ಪರ್ಧೆಗೆ ಹೆಸರು ಕೊಡುತ್ತೇನೆ ಎನ್ನುತ್ತಿದ್ದಾರೆ. ಬೇಡ ಎನ್ನಲಿಲ್ಲ. ಊಟದ ಕೊರತೆ ಮುಗಿಸಿ, ತೂಕ ಒಂದು ತಿಂಗಳು ಸ್ಥಿರವಾಗಿ ನಿಂತ ಮೇಲೆ ಓಟ ಹೆಚ್ಚಿಸೋಣ ಎಂದು ಹೇಳಿದ್ದೇನೆ. ಮುಂದಿನ ಭೇಟಿಗೆ ಪುಸ್ತಕ ತರಲು ತಿಳಿಸಿದ್ದೇನೆ.