ಸುಡಾನಿಗೆ ಕಾಳು ಕಳಿಸುವುದೋ, ಹಣ ಕಳಿಸುವುದೋ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: 2023ರ ಏಪ್ರಿಲಿನಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಸುಡಾನಿನಲ್ಲಿ ಸಿಕ್ಕಿಕೊಂಡು, ‘ಆಪರೇಷನ್ ಕಾವೇರಿ’ಯಲ್ಲಿ ವಾಪಸು ಬಂದರು. ಆಮೇಲೆ ಆ ದೇಶದ ಸುದ್ದಿಯೇ ನಮಗೆ ಸರಿಯಾಗಿ ತಲುಪಲಿಲ್ಲ. ಈಗ ಅಲ್ಲಿ ಕ್ಷಾಮ ಎನ್ನುತ್ತಾರೆ. ನಮ್ಮ ಸಂಘದಿಂದ ಹತ್ತು ಟನ್ ಅಕ್ಕಿ, ಒಂದಷ್ಟು ಬಟ್ಟೆ ಕೂಡಿಸಿ ಕಳಿಸಬೇಕೆಂದಿದ್ದೇವೆ. ದಾರಿ ಹೇಳಿ. (ದಾವಣಗೆರೆಯ ಓದುಗರು)

ಉತ್ತರ: ದಯವಿಟ್ಟು ಅಕ್ಕಿ ಕಳಿಸಬೇಡಿ, ಬಟ್ಟೆಯನ್ನಂತೂ ಬೇಡವೇ ಬೇಡ. ನಿಮ್ಮ ಕಾಳಜಿ ದೊಡ್ಡದು, ಅದು ವ್ಯರ್ಥವಾಗಬಾರದು ಎಂದೇ ಇಷ್ಟು ನೇರವಾಗಿ ಹೇಳುತ್ತಿದ್ದೇವೆ.

ಸುಡಾನಿನವರ ಊಟ ನಮ್ಮ ಉತ್ತರ ಕರ್ನಾಟಕದಂತೆ ಜೋಳದ್ದು. ಹಿಟ್ಟು ಹುಳಿ ಬರಿಸಿ ಕಾವಲಿಯ ಮೇಲೆ ತೆಳ್ಳಗೆ ಎಳೆದರೆ ಕಿಸ್ರಾ, ಮುದ್ದೆಯಂತೆ ತಿರುವಿದರೆ ಅಸೀದಾ. ಪೂರ್ವದ ಗೆದಾರಿಫ್ ಸೀಮೆಯಲ್ಲಿ ಕಣ್ಣು ಹಾಯುವಷ್ಟು ದೂರ ಜೋಳದ ಹೊಲ. 2023ರ ಏಪ್ರಿಲ್ 15ರಂದು ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಶುರುವಾದ ಯುದ್ಧ ಹೊಲ, ಸಂತೆ, ಬ್ಯಾಂಕು, ರಸ್ತೆ ಎಲ್ಲವನ್ನೂ ತುಂಡರಿಸಿತು. ಹೀಗಾಗಿ ಒಂದು ಕಡೆ ಜೋಳ ಮಾರಾಟಕ್ಕಿರುವಾಗಲೇ ಇನ್ನೊಂದು ಕಡೆ ಜನ ಸಾಯುತ್ತಿದ್ದಾರೆ. ಅಲ್ಲಿಯ ಹತ್ತಿರದ ಮಾರುಕಟ್ಟೆಯಲ್ಲೇ ಕಾಳು ಕೊಂಡರೆ ಹಡಗಿನ ಬಾಡಿಗೆ, ಕಸ್ಟಮ್ಸ್, ಗೋದಾಮಿನ ಖರ್ಚು ಉಳಿಯುತ್ತದೆ, ಅಳಿದುಳಿದ ರೈತರಿಗೂ ಆಸರೆಯಾಗುತ್ತದೆ.

ಲೆಕ್ಕ ನೋಡಿ. ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ ಆಸುಪಾಸು ಸಿಗಬೇಕಾದರೆ ಜೋಳ 450 ಗ್ರಾಂ, ಬೇಳೆ 60 ಗ್ರಾಂ, ಎಣ್ಣೆ 35 ಗ್ರಾಂ, ಉಪ್ಪು 5 ಗ್ರಾಂ ಬೇಕು. ತಿಂಗಳಿಗೆ ಹದಿನಾರೂವರೆ ಕಿಲೋ. ಒಂದು ಲಕ್ಷ ಜನರ ಶಿಬಿರಕ್ಕೆ ತಿಂಗಳಿಗೆ 1,650 ಟನ್, ಅಂದರೆ 30 ಟನ್ ಹೊರುವ 55 ಲಾರಿ. ನಿಮ್ಮ ಹತ್ತು ಟನ್ ಅದರಲ್ಲಿ ಒಂದು ಲಾರಿಯ ಮೂರನೇ ಒಂದು ಪಾಲು. ಅದನ್ನು ಅಲ್ಲಿಯ ಬಂದರು ನಗರ ಪೋರ್ಟ್ ಸುಡಾನಿಗೆ ಮುಟ್ಟಿಸುವ ಖರ್ಚಿನ ಹಣ ಅಲ್ಲಿಯೇ ಹೆಚ್ಚು ಜನರ ಹೊಟ್ಟೆ ತುಂಬಿಸುತ್ತದೆ.

ಇನ್ನೊಂದು ಮಾತು, ಹೊರಗಿನವರು ಮರೆಯುವಂಥದ್ದು. ಇಡೀ ಕಾಳು ಕೊಟ್ಟರೆ ಬೀಸಬೇಕಲ್ಲ? ಗಿರಣಿಗೆ ಡೀಸೆಲ್ ಬೇಕು, ಬೀಸುವ ಕೂಲಿ ಬೇಕು. ಕೈಯಲ್ಲಿ ಕಾಸಿಲ್ಲದ ತಾಯಿ ಪಡಿತರದ ಒಂದಿಷ್ಟು ಜೋಳ ಮಾರಿ ಉಳಿದದ್ದನ್ನು ಬೀಸಿಸುತ್ತಾಳೆ. ಕಾಗದದ ಮೇಲಿನ 2,100 ಕ್ಯಾಲೊರಿ ಅಲ್ಲೇ ಕರಗುತ್ತದೆ. ಸೌದೆಗೆಂದು ಶಿಬಿರದಾಚೆ ಹೋದ ಹೆಣ್ಣುಮಕ್ಕಳ ಮೇಲೆ ದಾಳಿಗಳೂ ಆಗುತ್ತವೆ. ಬೀಸುವ ಕೂಲಿ, ಸೌದೆ ಎರಡೂ ಲೆಕ್ಕದಲ್ಲಿಲ್ಲದ ಪಡಿತರ ಅರ್ಧ ಪಡಿತರವೇ.

ಪ್ರಶ್ನೆ: ‘ಕ್ಷಾಮ’ ಎಂದು ಯಾರು ನಿರ್ಧರಿಸುತ್ತಾರೆ? ನಮ್ಮಲ್ಲಿ ಬರಪೀಡಿತ ತಾಲ್ಲೂಕು ಘೋಷಿಸಿದ ಹಾಗೆಯೇ?

ಉತ್ತರ: ಅಲ್ಲ. ಬರ ಮಳೆಯ ಲೆಕ್ಕ, ಕ್ಷಾಮ ಸಾವಿನ ಲೆಕ್ಕ. ಐಪಿಸಿ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ಹಸಿವನ್ನು ಐದು ಹಂತಗಳಲ್ಲಿ ಅಳೆಯುತ್ತದೆ. ಐದನೆಯದಾದ ಕ್ಷಾಮ ಎನ್ನಲು ಮೂರು ಗುರುತು: ನೂರರಲ್ಲಿ 20 ಮನೆಗಳಿಗಾದರೂ ಆಹಾರದ ತೀವ್ರ ಕೊರತೆ, 30ರಷ್ಟು ಮಕ್ಕಳಿಗಾದರೂ ತೀವ್ರ ಅಪೌಷ್ಟಿಕತೆ, ಹಸಿವು ಮತ್ತು ಅದರ ಬೆನ್ನಿಗೆ ಬರುವ ರೋಗದಿಂದ ದಿನಕ್ಕೆ ಹತ್ತು ಸಾವಿರ ಜನರಲ್ಲಿ ಇಬ್ಬರ ಸಾವು. 2024ರ ಆಗಸ್ಟಿನಲ್ಲಿ ದೇಶದ ಪಶ್ಚಿಮ ಸೀಮೆಯ ಉತ್ತರ ದಾರ್ಫುರ್ ರಾಜ್ಯದ ಜಮ್‌ಜಮ್ ಶಿಬಿರದಲ್ಲಿ, 2025ರ ನವೆಂಬರಿನ ವರದಿಯಲ್ಲಿ ಎಲ್ ಫಾಶರ್ ಮತ್ತು ಕಾದುಗ್ಲಿ ನಗರಗಳಲ್ಲಿ ಕ್ಷಾಮ ದೃಢಪಟ್ಟಿತು.

ಆದರೆ ಘೋಷಣೆಗಾಗಿ ಕಾಯುವುದೇ ತಪ್ಪು. 2011ರ ಜುಲೈನಲ್ಲಿ ಸೊಮಾಲಿಯಾದಲ್ಲಿ ಕ್ಷಾಮ ಘೋಷಿಸುವ ಹೊತ್ತಿಗೆ, ಆ ದುರಂತದಲ್ಲಿ ಸತ್ತ ಸುಮಾರು 2.6 ಲಕ್ಷ ಜನರಲ್ಲಿ ಅರ್ಧದಷ್ಟು ಮಂದಿ ಆಗಲೇ ಮಣ್ಣಾಗಿದ್ದರು. ಹಣ ಹರಿಯಬೇಕಾದದ್ದು ಮೂರನೇ, ನಾಲ್ಕನೇ ಹಂತದಲ್ಲಿ. ಎಲ್ ಫಾಶರಿನಲ್ಲಿ ಆರ್‌ಎಸ್‌ಎಫ್ ಮುತ್ತಿಗೆ ಬಿಗಿದಾಗ ಜನ ‘ಅಂಬಾಜ್’ ತಿಂದು ಜೀವ ಹಿಡಿದರು. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ ಅದು. ನಾವು ಎಮ್ಮೆಗೆ ಇಡುತ್ತೇವಲ್ಲ, ಅದೇ. ಕೊನೆಗೆ ಅದೂ ಸಿಗದಾಯಿತು.

ಪ್ರಶ್ನೆ: ಕೋಟಿಗಟ್ಟಲೆ ಡಾಲರ್ ಕೊಡುತ್ತೇವೆಂದು ದೇಶಗಳು ಹೇಳುತ್ತವೆ. ಆದರೂ ಜನರಿಗೆ ಯಾಕೆ ಮುಟ್ಟುವುದಿಲ್ಲ? ನುಂಗುವವರು ಯಾರು?

ಉತ್ತರ: ಕಳ್ಳತನ ಇದೆ, ಆದರೆ ದೊಡ್ಡ ಸೋರಿಕೆ ಬೇರೆ ಕಡೆ ಇದೆ.

ಮೊದಲನೆಯದು ಮಾತಿಗೂ ಹಣಕ್ಕೂ ಇರುವ ಅಂತರ. 2025ಕ್ಕೆ ಸುಡಾನಿನೊಳಗಿನ ಸುಮಾರು 2.1 ಕೋಟಿ ಜನರಿಗಾಗಿ ವಿಶ್ವಸಂಸ್ಥೆ ಕೇಳಿದ್ದು 420 ಕೋಟಿ ಡಾಲರ್. ಅದರ ಅರ್ಧವೂ ಕೂಡಲಿಲ್ಲ. ಆ ವರ್ಷದ ಆರಂಭದಲ್ಲಿ ಅಮೆರಿಕ ನೆರವು ನಿಲ್ಲಿಸಿದ್ದೇ ತಡ, ನೂರಾರು ಸಮುದಾಯ ಅಡುಗೆಮನೆಗಳ ಒಲೆ ಆರಿತು. ಸಭೆಯಲ್ಲಿ ವಾಗ್ದಾನ ಮಾಡುವುದು, ಒಪ್ಪಂದಕ್ಕೆ ಸಹಿ ಬೀಳುವುದು, ಖಾತೆಗೆ ಹಣ ಬರುವುದು ಮೂರೂ ಬೇರೆ ಬೇರೆ. ‘ಇದು ಇಂಥ ಜಿಲ್ಲೆಗೆ, ಇಂಥ ವಸ್ತುವಿಗೆ ಮಾತ್ರ’ ಎಂದು ಕಟ್ಟುಹಾಕಿದ ಹಣವಂತೂ ರಸ್ತೆ ಮುಚ್ಚಿದಾಗ ಬೇರೆಡೆಗೆ ತಿರುಗಿಸಲಾಗದೆ ಸುಮ್ಮನೆ ಕೂರುತ್ತದೆ. ಹಡಗಿನಲ್ಲಿ ಬರುವ ಧಾನ್ಯಕ್ಕೆ ತಿಂಗಳುಗಳೇ ಬೇಕು.

ಎರಡನೆಯದು ಅನುಮತಿ. ಸೇನೆಯ ಹಿಡಿತದ ಕಡೆ ಮಾನವೀಯ ನೆರವು ಆಯೋಗ, ಆರ್‌ಎಸ್‌ಎಫ್ ಕಡೆ ಅವರದೇ ಇನ್ನೊಂದು ಸಂಸ್ಥೆ. ಸಿಬ್ಬಂದಿಗೆ ವೀಸಾ, ಲಾರಿಗೆ ಪಯಣದ ಪತ್ರ, ಸರಕಿನ ಪಟ್ಟಿಗೆ ಮೊಹರು ಎಲ್ಲ ಬೇಕು. ಪಟ್ಟಿಯಲ್ಲಿ ಬರೆದದ್ದಕ್ಕೂ ಲಾರಿಯಲ್ಲಿ ಇದ್ದದ್ದಕ್ಕೂ ಒಂದು ಪೆಟ್ಟಿಗೆ ವ್ಯತ್ಯಾಸವಾದರೂ ಚೆಕ್‌ಪೋಸ್ಟಿನಲ್ಲಿ ಇಡೀ ಸಾಲು ನಿಲ್ಲಬಹುದು. ನೆರೆಯ ಚಾಡ್ ದೇಶದ ಗಡಿಯಲ್ಲಿರುವ ‘ಆದ್ರೆ’ ಎಂಬ ಊರಿನ ದಾರಿ 2024ರ ಫೆಬ್ರುವರಿಯಿಂದ ಆಗಸ್ಟಿನವರೆಗೆ ಮುಚ್ಚಿತ್ತು. ತೆರೆದಾಗ ಮಳೆಗಾಲ, ಅದೇ ತಿಂಗಳು ಪಶ್ಚಿಮ ದಾರ್ಫುರಿನ ಮೊರ್ನೆ ಸೇತುವೆ ಪ್ರವಾಹಕ್ಕೆ ಕುಸಿಯಿತು.

ಇನ್ನು ರಸ್ತೆಯ ಮೇಲಿನ ಸಾವು. ಪೋರ್ಟ್ ಸುಡಾನಿನಿಂದ ಹೊರಟು 1,800 ಕಿಲೋಮೀಟರ್ ದಾಟಿ ಎಲ್ ಫಾಶರ್ ಸಮೀಪಿಸಿದ್ದ, ಹದಿನೈದು ಲಾರಿಗಳ ವಿಶ್ವಸಂಸ್ಥೆಯ ಸಾಲಿನ ಮೇಲೆ 2025ರ ಜೂನ್ 2ರ ರಾತ್ರಿ ಅಲ್ ಕೋಮಾ ಬಳಿ ದಾಳಿಯಾಯಿತು. ಐವರು ಸತ್ತರು. ಎರಡೂ ಕಡೆಯವರಿಗೆ ಆ ಲಾರಿಗಳ ದಾರಿ ಮೊದಲೇ ಗೊತ್ತಿತ್ತು. ಅನ್ನ ಹೊತ್ತವರನ್ನು ಕೊಲ್ಲುವವರಿಗೆ ಶಿಕ್ಷೆಯಾಗದಿರುವುದು ಹಣದ ಕೊರತೆಗಿಂತ ದೊಡ್ಡ ಅಡ್ಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಸೊರಗಿದ ಮಕ್ಕಳ ಚಿತ್ರ ನೋಡಲಾಗದು. ಹಾಲಿನ ಪುಡಿಯನ್ನಾದರೂ ಕಳಿಸೋಣವೇ?

ಉತ್ತರ: ಬೇಡ, ಅದು ಅಪಾಯ. ಕಲುಷಿತ ನೀರು, ತೊಳೆಯದ ಬಾಟಲಿ, ಅಳತೆ ತಪ್ಪಿದ ಪುಡಿ ಸೇರಿದರೆ ಭೇದಿ ಶುರುವಾಗುತ್ತದೆ, ಎದೆಹಾಲೂ ನಿಲ್ಲುತ್ತದೆ. ಬೇಕಾದದ್ದು ಬೇರೆಯೇ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ತೋಳಿನ ನಡುಭಾಗಕ್ಕೆ ಬಣ್ಣದ ಪಟ್ಟಿ ಸುತ್ತುತ್ತಾರೆ. ಸುತ್ತಳತೆ 125 ಮಿಲಿಮೀಟರಿಗಿಂತ ಕಡಿಮೆಯಾದರೆ ಹಳದಿ, ಅಂದರೆ ಅಪೌಷ್ಟಿಕತೆ. 115ಕ್ಕಿಂತ ಕಡಿಮೆಯಾದರೆ ಕೆಂಪು, ಅಂದರೆ ಪ್ರಾಣಕ್ಕೇ ಅಪಾಯದ ಅಪೌಷ್ಟಿಕತೆ. ಪಾದ ಒತ್ತಿ ಊತವನ್ನೂ ನೋಡಬೇಕು. ಎರಡೂ ಪಾದ ಊದಿದ್ದರೆ ತೋಳು ಎಷ್ಟಿದ್ದರೂ ಚಿಕಿತ್ಸೆ ಬೇಕು. ಆಮೇಲೆ ಹಸಿವಿನ ಪರೀಕ್ಷೆ: ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಅರೆದು ಮಾಡಿದ ಪೇಸ್ಟನ್ನು ಅಲ್ಲಿಯೇ ತಿನ್ನಿಸಿ ನೋಡುತ್ತಾರೆ. ತಿಂದರೆ ಮನೆಗೆ ಕೊಟ್ಟು ಕಳಿಸಬಹುದು. ಒಂದು ಪೊಟ್ಟಣ 92 ಗ್ರಾಂ, 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲ, ಒಲೆ ಬೇಕಿಲ್ಲ. ಆರು ಕಿಲೋ ತೂಗುವ ಮಗುವಿಗೆ ದಿನಕ್ಕೆ ಸುಮಾರು ಎರಡು. ಪೆಟ್ಟಿಗೆಗೆ 150 ಪೊಟ್ಟಣ, ಮಗುವಿಗೊಂದು ಪೆಟ್ಟಿಗೆ ಎಂಬುದು ಯೋಜನೆ ಹಾಕುವವರ ಲೆಕ್ಕ.

ತಿನ್ನಲಾಗದ, ಜ್ವರ ಬಂದ, ಮಂಕಾದ ಮಗು ಆಸ್ಪತ್ರೆಯಲ್ಲೇ ಇರಬೇಕು. ಅಂಥ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬ ಉಣಿಸಿದರೆ ರಕ್ತದ ಲವಣಗಳು ಕುಸಿದು ಹೃದಯ ಸೋಲಬಹುದು. ಅದಕ್ಕೇ 100 ಮಿಲಿಲೀಟರಿಗೆ 75 ಕ್ಯಾಲೊರಿಯ ತೆಳು ಹಾಲಿನ ಮಿಶ್ರಣವನ್ನು ಹಗಲೂ ರಾತ್ರಿ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಇಲ್ಲಿ ಹಣ ಬೇಕಿರುವುದು ಪೊಟ್ಟಣಕ್ಕಷ್ಟೇ ಅಲ್ಲ, ರಾತ್ರಿ ಎದ್ದಿರುವ ನರ್ಸಿನ ಸಂಬಳಕ್ಕೂ.

ಪ್ರಶ್ನೆ: ಹಾಗಾದರೆ ಹಣ ಯಾರಿಗೆ, ಹೇಗೆ ಕಳಿಸುವುದು?

ಉತ್ತರ: ಯುದ್ಧದ ನಡುವೆಯೂ ಜನರ ನಡುವೆಯೇ ಉಳಿದವರು ‘ತುರ್ತು ಸ್ಪಂದನಾ ಕೊಠಡಿ’ಗಳ, ಅಂದರೆ ಆಯಾ ಊರಿನವರೇ ಕಟ್ಟಿಕೊಂಡ ನೆರವಿನ ಗುಂಪುಗಳ ಸ್ವಯಂಸೇವಕರು. 2025ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದದ್ದು ಇವರಿಗೇ. ‘ತಕಾಯಾ’ ಎಂಬ ಅಡುಗೆಮನೆಗಳಲ್ಲಿ ಹಂಡೆಗಟ್ಟಲೆ ಬೇಯಿಸಿ, ಪಾತ್ರೆ ಹಿಡಿದು ನಿಂತವರಿಗೆಲ್ಲ ಬಡಿಸುತ್ತಾರೆ. 500 ಜನರ ಒಂದು ಹೊತ್ತಿಗೆ ಜೋಳದ ಹಿಟ್ಟು 75 ಕಿಲೋ, ಬೇಳೆ 25 ಕಿಲೋ, ಎಣ್ಣೆ ಏಳೂವರೆ ಕಿಲೋ ಎಂದುಕೊಳ್ಳಿ. ತಲಾ 800 ಕ್ಯಾಲೊರಿ, ದಿನದ ಅಗತ್ಯದ ಅರ್ಧಕ್ಕೂ ಕಡಿಮೆ. ಮೇಲೆ ಸೌದೆ, ಕತ್ತೆಗಾಡಿಯಲ್ಲಿ ಬರುವ ನೀರಿನ ಪೀಪಾಯಿಯ ಖರ್ಚು.

ಹಣ ಇವರಿಗೆ ಹೆಚ್ಚಾಗಿ ‘ಬಂಕಕ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಮುಟ್ಟುತ್ತದೆ. ನೆಟ್‌ವರ್ಕ್ ಸತ್ತರೆ ಆ್ಯಪ್ ಸತ್ತಂತೆ. ಖಾತೆಯಲ್ಲಿರುವ ಹಣವನ್ನು ನೋಟಾಗಿಸಲು ವ್ಯಾಪಾರಿಗಳು ದೊಡ್ಡ ಕಮಿಷನ್ ಹಿಡಿಯುತ್ತಾರೆ. 2024ರ ಕೊನೆಯಲ್ಲಿ ಸರ್ಕಾರ ಹಳೆಯ 500 ಮತ್ತು 1,000 ಪೌಂಡಿನ ನೋಟು ಬದಲಿಸಿದಾಗ ಆರ್‌ಎಸ್‌ಎಫ್ ಪ್ರದೇಶಗಳಲ್ಲಿ ಹೊಸ ನೋಟು ನಡೆಯಲೇ ಇಲ್ಲ. ಆದ್ದರಿಂದ ದಾನ ಪಡೆಯುವ ಸಂಸ್ಥೆಯನ್ನು ಹೀಗೆ ಕೇಳಿ: ಡಾಲರನ್ನು ಯಾವ ದರಕ್ಕೆ ಬದಲಿಸುತ್ತೀರಿ? ಕಮಿಷನ್ ಎಷ್ಟು ಹೋಗುತ್ತದೆ? ಈ ತಿಂಗಳು ಯಾವ ಊರಿಗೆ ಮುಟ್ಟಿತು? ‘ನಮ್ಮಲ್ಲಿ ಒಂದು ಪೈಸೆಯೂ ಖರ್ಚಾಗುವುದಿಲ್ಲ’ ಎನ್ನುವವರನ್ನು ನಂಬಬೇಡಿ. ಲಾರಿಗೂ ಲೆಕ್ಕಪತ್ರಕ್ಕೂ ಖರ್ಚು ಇದ್ದೇ ಇದೆ.

ಭಾರತದಿಂದ ನೇರವಾಗಿ ವಿದೇಶಿ ಸಂಸ್ಥೆಗೆ ಕಳಿಸುವುದಾದರೆ ಬ್ಯಾಂಕಿನಲ್ಲಿ ಎ2 ಅರ್ಜಿ ಮತ್ತು ಪ್ಯಾನ್ ಬೇಕು, ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ. ದಾನಕ್ಕೆ ಇರುವ ಆದಾಯ ತೆರಿಗೆ ಕಡಿತ ಅದಕ್ಕೆ ಸಿಗುವುದಿಲ್ಲ. ನಿಮ್ಮ ಸಂಘ ನೋಂದಾಯಿತ ಧರ್ಮಾರ್ಥ ಸಂಸ್ಥೆಯಾಗಿದ್ದರೆ ಮೊದಲು ಲೆಕ್ಕಪರಿಶೋಧಕರನ್ನು ಕಾಣಿ. ಟ್ರಸ್ಟಿನ ಹಣ ಹೊರದೇಶದಲ್ಲಿ ಖರ್ಚಾದರೆ ಆದಾಯ ತೆರಿಗೆ ವಿನಾಯಿತಿಗೆ ಕುತ್ತು ಬರಬಹುದು. ಸಂಘದ ಬದಲು ಸದಸ್ಯರು ತಂತಮ್ಮ ಖಾತೆಯಿಂದ ಕಳಿಸುವುದು ಸುಲಭ. ಯುಎಇಯಲ್ಲಿರುವ ಕನ್ನಡಿಗರು ಪರವಾನಗಿ ಇಲ್ಲದೆ ಚಂದಾ ಎತ್ತಬಾರದು, ಅಲ್ಲಿ ಅದು ಅಪರಾಧ. ಪರವಾನಗಿ ಇರುವ ಸಂಸ್ಥೆಗೇ ಕೊಡಿ.

ಒಮ್ಮೆಗೇ ಹತ್ತು ಸಾವಿರ ಕೊಡುವ ಬದಲು ತಿಂಗಳಿಗೆ ಸಾವಿರದಂತೆ, ಷರತ್ತು ಹಾಕದೆ ಕೊಡಿ. ಒಮ್ಮೆಗೇ ಕೊಡಲೇಬೇಕೆಂದಿದ್ದರೆ ಸುಗ್ಗಿ ಮುಗಿದು ಜೋಳ ಅಗ್ಗವಿರುವ ಜನವರಿ, ಫೆಬ್ರುವರಿ ಒಳ್ಳೆಯ ಕಾಲ. ಜೂನಿನಲ್ಲಿ ಮಳೆ ಹಿಡಿದು ಹಳ್ಳಗಳು ತುಂಬಿದ ಮೇಲೆ ದಾರ್ಫುರಿನ ಒಳಗೆ ಲಾರಿ ಹೋಗುವುದೇ ಕಷ್ಟ.