ಬಡಾವಣೆಯ ಮರಗಳ ಪಟ್ಟಿ ಮಾಡಿಸುವುದರಿಂದ ಸಂಘಕ್ಕೆ ನಿಜವಾಗಿ ಲಾಭವಿದೆಯೇ?

ಮುನ್ನೂರು ಮರ ಎಣಿಸಿ ಬರೆಸುವುದಕ್ಕೆ ನಿವಾಸಿಗಳ ಸಂಘದ ಹಣ ಹಾಕುವುದು ದಂಡವಲ್ಲವೇ ಎಂದು ಕೇಳಿದ್ದೀರಿ. ಬರೀ ಎಣಿಸಿ ಹೆಸರು ಬರೆದಿಟ್ಟರೆ ದಂಡವೇ. ‘ಈ ಮರಕ್ಕೆ ಏನು ಕೆಲಸ ಆಗಬೇಕು, ಎಷ್ಟು ದಿನದೊಳಗೆ’ ಎಂಬ ಎರಡು ಕಾಲಂ ಇದ್ದರೆ ಮಾತ್ರ ಪಟ್ಟಿ ತನ್ನ ಖರ್ಚನ್ನು ತಾನೇ ದುಡಿಯುತ್ತದೆ.

ಮೊದಲ ಉಳಿತಾಯ ಗುತ್ತಿಗೆಯಲ್ಲಿ. ಪಟ್ಟಿ ಇಲ್ಲದಿದ್ದರೆ ‘ಮರಗಳನ್ನೆಲ್ಲ ಸವರಿ’ ಎನ್ನುತ್ತೀರಿ, ಬಂದವರು ಕೈಗೆ ಸಿಕ್ಕ ಮರವನ್ನೆಲ್ಲ ಬೋಳು ಮಾಡಿ ಹೋಗುತ್ತಾರೆ. ತಲೆ ಕಡಿದ ಕಡೆ ದುರ್ಬಲ ಚಿಗುರುಗಳು ಗುಂಪಾಗಿ ಎದ್ದು, ಕೆಲವೇ ವರ್ಷಗಳಲ್ಲಿ ಅವೇ ಮುರಿದು ಬೀಳುವ ಕೊಂಬೆಗಳಾಗುತ್ತವೆ. ‘47ನೇ ಮರ: ದಾರಿಯ ಮೇಲಿನ ಎರಡು ಒಣಕೊಂಬೆ ತೆಗೆಯುವುದು’ ಎಂದು ಬರೆದುಕೊಟ್ಟರೆ ಮೂವರ ಕೊಟೇಶನ್ ಹೋಲಿಸಬಹುದು, ಕೆಲಸ ಮುಗಿದ ಮೇಲೆ ತಾಳೆ ನೋಡಿ ದುಡ್ಡು ಕೊಡಬಹುದು.

ಎರಡನೆಯದು ಎಳೆಯ ಮರಗಳದ್ದು. ತುದಿಯಲ್ಲಿ ಎರಡು ಸಮಬಲದ ಕವಲು ಇದ್ದರೆ, ಹೆಬ್ಬೆರಳಿನ ದಪ್ಪ ಇರುವಾಗ ಕತ್ತರಿಯಲ್ಲಿ ಒಂದನ್ನು ತೆಗೆದರೆ ಆಯಿತು. ಬಿಟ್ಟರೆ ಮುಂದೆ ಅದೇ ಕೆಲಸಕ್ಕೆ ಮರ ಹತ್ತುವವರು, ಹಗ್ಗ, ಕ್ರೇನು ಎಲ್ಲ ಬೇಕು.

ಪಟ್ಟಿಯನ್ನು ಜಾತಿವಾರು ಜೋಡಿಸಿದಾಗ ಇನ್ನೊಂದು ಸಂಗತಿ ಕಾಣುತ್ತದೆ: ಎಷ್ಟೋ ಕಡೆ ಅರ್ಧಕ್ಕರ್ಧ ಮರ ಒಂದೇ ಜಾತಿಯವು, ಅಂದರೆ ಒಂದೇ ಕೀಟಕ್ಕೆ ಎಲ್ಲವೂ ಬಲಿಯಾಗಬಹುದು. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ದುಂಬಿ, ಆ್ಯಶ್ ಮರಗಳನ್ನೇ ನೆಟ್ಟಿದ್ದ ಬೀದಿಗಳನ್ನು ಸಾಲುಸಾಲಾಗಿ ಬರಿದು ಮಾಡಿತು. ಒಟ್ಟು ಮರಗಳಲ್ಲಿ ಒಂದು ಪ್ರಭೇದ (ಜಾತಿ) ಶೇ. 10, ಹತ್ತಿರದ ಪ್ರಭೇದಗಳು ಸೇರಿದ ಒಂದು ಕುಲ ಶೇ. 20, ಕುಲಗಳು ಸೇರಿದ ಒಂದು ಕುಟುಂಬ ಶೇ. 30 ಮೀರಬಾರದೆಂಬ ಸೂತ್ರವನ್ನು ಅಮೆರಿಕದ ಮರವಿಜ್ಞಾನಿ ಸ್ಯಾಂಟಮೂರ್ 1990ರಲ್ಲಿ ಕೊಟ್ಟರು. ಅದು ಒರಟು ಲೆಕ್ಕವೇ, ಆದರೆ ಮುಂದೆ ಯಾವ ಸಸಿ ನೆಡಬಾರದು ಎಂದು ತೀರ್ಮಾನಿಸಲು ಸಾಕು.

ಇನ್ನು ಅಳತೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆದು 3.14ರಿಂದ ಭಾಗಿಸಿದರೆ ವ್ಯಾಸ. ಕೆಲವು ದೇಶಗಳಲ್ಲಿ 1.3 ಮೀಟರ್ ರೂಢಿ. ಯಾವುದಾದರೂ ಸರಿ, ಪ್ರತಿ ಸಲ ಅದೇ ಇರಲಿ. ಇಳಿಜಾರಿನಲ್ಲಿ ಮೇಲ್ಬದಿಯಿಂದ ಅಳೆಯಿರಿ. ಈ ವ್ಯಾಸ ನೆಲ ಅಗೆಯುವ ದಿನ ಕೆಲಸಕ್ಕೆ ಬರುತ್ತದೆ: ಸುತ್ತಳತೆ 157 ಸೆಂ.ಮೀ. ಇದ್ದರೆ ವ್ಯಾಸ 50, ಅದರ 12 ಪಟ್ಟು ಅಂದರೆ ಕಾಂಡದ ಸುತ್ತ 6 ಮೀಟರ್ ಒಳಗೆ ಪೈಪು, ಕೇಬಲಿಗೆಂದು ಕಾಲುವೆ ತೋಡದಿರುವುದು ಒಳ್ಳೆಯದು. ಬೇರು ಕಡಿದ ಮರ ಆ ವರ್ಷವೇ ಒಣಗುವುದಿಲ್ಲ, ಹಾಗಾಗಿ ಯಾರೂ ಅಗೆತದ ಮೇಲೆ ದೂರು ಹಾಕುವುದೂ ಇಲ್ಲ.

ಹೆಚ್ಚು ಎಡವುವುದು ಸ್ಥಳ ಗುರುತಿಸುವಲ್ಲಿ. ದಟ್ಟ ಎಲೆಗಳಡಿ ಫೋನಿನ ಜಿಪಿಎಸ್ ಹಲವು ಮೀಟರ್ ತಪ್ಪಬಹುದು. ಹತ್ತಿರ ಹತ್ತಿರ ನೆಟ್ಟ ಸಾಲಿನಲ್ಲಿ ಪಕ್ಕದ ಮರವೇ ಕೊಡಲಿಗೆ ಸಿಕ್ಕೀತು. ದೀಪದ ಕಂಬವೋ ಗೇಟೋ, ಕದಲದ ಒಂದು ಗುರುತಿನಿಂದ ಎಷ್ಟು ದೂರ ಎಂದೂ ಬರೆಯಿರಿ. ನಂಬರಿನ ಬಿಲ್ಲೆಯೂ ಮೊಳೆಯೂ ಅಲ್ಯೂಮಿನಿಯಮ್ಮಿನದಾಗಿರಲಿ, ಕಬ್ಬಿಣದ ಮೊಳೆ ಗರಗಸದ ಸರಪಳಿಯನ್ನು ಹಾಳುಮಾಡುತ್ತದೆ. ಮೊಳೆಯನ್ನು ಪೂರ್ತಿ ಹೊಡೆಯದೆ 2–3 ಸೆಂ.ಮೀ. ಹೊರಗೆ ಬಿಡಿ. ಇಲ್ಲವಾದರೆ ದಪ್ಪವಾಗುವ ಕಾಂಡ ಬಿಲ್ಲೆಯನ್ನೇ ನುಂಗುತ್ತದೆ.

ಸ್ಥಿತಿಯ ಕಾಲಮ್ಮಿನಲ್ಲಿ ‘ಸುಮಾರು’, ‘ಪರವಾಗಿಲ್ಲ’ ಎಂದು ಬರೆಯುವುದು ವ್ಯರ್ಥ. ಕಂಡದ್ದನ್ನು ಬರೆಯಿರಿ: ಬೊಡ್ಡೆಯಲ್ಲಿ ಅಣಬೆ, ಇಕ್ಕಟ್ಟಾದ ಕವಲಿನ ನಡುವೆ ಸಿಕ್ಕಿಕೊಂಡ ತೊಗಟೆ, ಒಂದು ಬದಿ ಎದ್ದ ಮಣ್ಣು. ಜೊತೆಗೆ ಕೆಳಗೆ ಏನಿದೆ ಎಂಬುದು. ಅದೇ ಒಣಕೊಂಬೆ ಖಾಲಿ ಮೂಲೆಯಲ್ಲಿದ್ದರೆ ಕಾಯಬಹುದು, ಮಕ್ಕಳ ಜೋಕಾಲಿಯ ಮೇಲಿದ್ದರೆ ಈ ವಾರವೇ ಇಳಿಸಬೇಕು. ಕೊಡತಿಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಮಾತ್ರಕ್ಕೆ ಕಡಿಯಬೇಡಿ. ಸುತ್ತ ಗಟ್ಟಿ ಕಟ್ಟಿಗೆ ಎಷ್ಟು ದಪ್ಪ ಉಳಿದಿದೆ ಎಂದು ಪರಿಣತರಿಂದ ಅಳೆಸಿ.

ಒಂದು ಎಚ್ಚರಿಕೆಯನ್ನು ಸಮಿತಿಗೆ ಮೊದಲೇ ಹೇಳಿ. ಪಟ್ಟಿಯಲ್ಲಿ ‘ಅಪಾಯ’ ಎಂದು ಬರೆದು ವರ್ಷಗಟ್ಟಲೆ ಸುಮ್ಮನಿದ್ದು ಆ ಮರ ಯಾರ ಮೇಲಾದರೂ ಬಿದ್ದರೆ, ‘ಗೊತ್ತಿರಲಿಲ್ಲ’ ಎನ್ನುವ ದಾರಿ ಮುಚ್ಚಿರುತ್ತದೆ. ನೋಡಿದ ದಿನ, ಕೆಲಸ ಮಾಡಿದ ದಿನ ಎರಡೂ ದಾಖಲಾಗಿದ್ದರೆ ಅದೇ ಕಾಗದ ಸಂಘವನ್ನು ಕಾಯುತ್ತದೆ.

ಹಣ ಸಾಲದಿದ್ದರೆ ಎಲ್ಲ ಮರವನ್ನೂ ಒಟ್ಟಿಗೆ ಹಿಡಿಯಬೇಡಿ. ದಾರಿ, ವಾಹನ ನಿಲ್ಲುವ ಜಾಗ, ಆಟದ ಅಂಗಳಕ್ಕೆ ಬೀಳಬಹುದಾದ ಮರಗಳಿಂದ ಶುರುಮಾಡಿ. ಒಬ್ಬರು ಅಳೆಯಲಿ, ಒಬ್ಬರು ಬರೆಯಲಿ. ಸಾಧಾರಣ ಸ್ಪ್ರೆಡ್‌ಶೀಟ್ ಸಾಕು. ಅಪಾಯದ ಮರಗಳನ್ನು ವರ್ಷಕ್ಕೊಮ್ಮೆ, ದೊಡ್ಡ ಗಾಳಿಮಳೆಯ ನಂತರ ತಪ್ಪದೆ, ಉಳಿದವನ್ನು 3ರಿಂದ 5 ವರ್ಷಕ್ಕೊಮ್ಮೆ ನೋಡಿ. ಕಡಿದ ಮರದ ನಂಬರನ್ನು ಹೊಸ ಸಸಿಗೆ ಕೊಡಬೇಡಿ, ಹಳೆಯ ದಾಖಲೆಯೆಲ್ಲ ಕಲಸಿಹೋಗುತ್ತದೆ.