ಮೆಟ್ರೋ ಸ್ಟೇಷನ್ ನೆಲದಲ್ಲಿ ಹಳದಿ ಉಬ್ಬು ಟೈಲ್ಸ್ ಯಾಕೆ ಹಾಕಿರ್ತಾರೆ?

ತುಂಬಾ ಜನ ಅದು ಕಾಲು ಜಾರದೇ ಇರ್ಲಿ ಅಂತ ಹಾಕಿರೋದು ಅಂದ್ಕೊಂಡಿದಾರೆ, ಅಲ್ಲ. ಅದು ಕಣ್ಣು ಕಾಣದೋರಿಗೆ ದಾರಿ ತೋರ್ಸೋಕೆ ಇರೋದು. ಜಪಾನಿನ ಸೇಯಿಚಿ ಮಿಯಾಕೆ ಅನ್ನೋರು 1965ರಲ್ಲಿ ಇದನ್ನ ಕಂಡುಹಿಡಿದ್ರು, 1967ರ ಮಾರ್ಚ್ 18ಕ್ಕೆ ಒಕಾಯಾಮಾ ಊರಲ್ಲಿ ಅಂಧರ ಶಾಲೆ ಹತ್ರದ ರಸ್ತೇಲಿ ಮೊದಲ ಸಲ ಹಾಕಿದ್ರು, ಆಮೇಲೆ ಜಪಾನ್ ರೈಲ್ವೆ ಸ್ಟೇಷನ್‌ಗಳಿಗೆ ಬಂತು, ಈಗ ನಮ್ಮ ಮೆಟ್ರೋದಲ್ಲೂ ಇದೆ.

ಸರಿಯಾಗಿ ನೋಡಿ, ಎರಡು ಥರ ಇರುತ್ತೆ. ಉದ್ದುದ್ದ ಗೆರೆ ಇದ್ರೆ "ಹೀಗೇ ಮುಂದೆ ಹೋಗಿ" ಅಂತ. ಗುಂಡಗೆ ಚುಕ್ಕಿ ಚುಕ್ಕಿ ಇದ್ರೆ "ನಿಲ್ಲಿ, ಹುಷಾರು" ಅಂತ, ಅಂದ್ರೆ ಮುಂದೆ ಮೆಟ್ಟಿಲಿದೆ, ದಾರಿ ತಿರುಗುತ್ತೆ ಅಥವಾ ಪ್ಲಾಟ್‌ಫಾರ್ಮ್ ಅಂಚು ಬಂತು. ಕೋಲಿನ ತುದಿಗೂ ಗೊತ್ತಾಗುತ್ತೆ, ಚಪ್ಪಲಿ ಹಾಕಿದ್ರೂ ಅಂಗಾಲಿಗೆ ಗೊತ್ತಾಗುತ್ತೆ. ಹಳದಿ ಯಾಕೆ ಅಂದ್ರೆ, ಪೂರ್ತಿ ಕಾಣದೇ ಇರೋರಿಗಿಂತ ಮಸುಕು ಮಸುಕಾಗಿ ಕಾಣೋರೇ ಜಾಸ್ತಿ, ಬೂದು ನೆಲದ ಮೇಲೆ ಹಳದಿ ಅವರಿಗೆ ಬೇಗ ಕಣ್ಣಿಗೆ ಬೀಳುತ್ತೆ.

ಕರೆಂಟ್ ಬೇಡ, ಆ್ಯಪ್ ಬೇಡ, ಬ್ಯಾಟರಿ ಬೇಡ, ನನಗಂತೂ ಇದಕ್ಕಿಂತ ಚಂದದ ಐಡಿಯಾ ಬೇರೆ ಕಂಡಿಲ್ಲ. ಆದ್ರೆ ನಮ್ಮ ಫುಟ್‌ಪಾತ್‌ಗಳಲ್ಲಿ ಇದೇ ಸಾಲು ಸೀದಾ ಹೋಗಿ ಕರೆಂಟ್ ಕಂಬಕ್ಕೋ ಮರಕ್ಕೋ ಗುದ್ದುತ್ತೆ, ಇಲ್ಲಾಂದ್ರೆ ಯಾರೋ ಅದರ ಮೇಲೇ ಬೈಕ್ ನಿಲ್ಸಿರ್ತಾರೆ. ಅದನ್ನ ನಂಬ್ಕೊಂಡು ನಡ್ಕೊಂಡು ಬರೋರ ಗತಿ ಏನು? ದಯವಿಟ್ಟು ಆ ಹಳದಿ ಸಾಲಿನ ಮೇಲೆ ಗಾಡಿ, ಲಗೇಜು ಇಡ್ಬೇಡಿ.